ಮದ್ದನ್ನಿಳಿಸುವ ಹಾದಿಯಲ್ಲಿ ನಗೆಯ ಬುತ್ತಿ

ಬಾನುಲಿಯಲ್ಲಿ ಪ್ರಹಸನವೊಂದು ಬರುತ್ತಿರುವಾಗ ಮನೆಮಂದಿಯೆಲ್ಲ ಸುತ್ತ ಕುಳಿತು ನಗುವುದನ್ನು ವಾಚಕರಾದ ತಾವು ಎಷ್ಟೋ ಸಲ ಕಂಡಿದ್ದೀರಿ. ಅದೇ ಮನೆಯಲ್ಲಿ, ಅದೇ ಪೆಟ್ಟಿಗೆಯ ಪಕ್ಕದ ಗೂಡಿನಲ್ಲಿ, ಮನೆಯವರಲ್ಲಿ ಒಬ್ಬರು ರಾತ್ರಿ ತಪ್ಪದೆ ನುಂಗುವ ಮಾತ್ರೆಯ ಪಟ್ಟಿ ಇರುವುದೂ ಉಂಟು. ರಕ್ತದೊತ್ತಡದ ಮಾತ್ರೆಯಾದರೆ ಅದು ಎಲ್ಲರ ಕಣ್ಣಿಗೆ ಬೀಳುವಂತೆ ಇರುತ್ತದೆ. ಮನಸ್ಸಿನ ಕಾಯಿಲೆಯ ಮಾತ್ರೆಯಾದರೆ ಪಂಚಾಂಗದ ಹಿಂದೆ ಅವಿತಿರುತ್ತದೆ. ನಗೆಗೂ ಈ ಮಾತ್ರೆಗೂ ಏನು ನಂಟು ಎಂದು ತಾವು ಕೇಳಬಹುದು. ಮಾತ್ರೆಯನ್ನು ಹಿಡಿಯುವಾಗ ಅಷ್ಟೇನೂ ನಂಟಿಲ್ಲ. ಅದನ್ನು ಬಿಡುವಾಗ ಇದೆ. ಆ ನಂಟಿನ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ತಮ್ಮ ಮುಂದಿಡಬೇಕೆಂದು ಈ ಲೇಖನ.

ಇದನ್ನು ನಾನು ಪುಸ್ತಕದಿಂದ ಮಾತ್ರ ತಿಳಿದವನಲ್ಲ. ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವವನು ನಾನು. ಕೆಲವು ವರ್ಷಗಳ ಹಿಂದೆ ನಿದ್ದೆ ಕೆಟ್ಟು, ಅನ್ನ ಸೇರದೆ, ತರಗತಿಯಲ್ಲಿ ಪದ್ಯ ಓದುತ್ತಿರುವಾಗಲೇ ಗಂಟಲು ಕಟ್ಟಿ ನಿಂತುಬಿಡುವ ಸ್ಥಿತಿ ನನಗೆ ಬಂದಿತು. ವೈದ್ಯರು ಅದನ್ನು ಖಿನ್ನತೆ ಎಂದರು, ಮಾತ್ರೆ ಕೊಟ್ಟರು. ಮಾತ್ರೆ ಗುಣ ಕೊಟ್ಟಿತು. ಈ ಮಾತನ್ನು ಮೊದಲೇ ಹೇಳಿಬಿಡುವುದು ಧರ್ಮ. ಎರಡು ವರ್ಷ ತೆಗೆದುಕೊಂಡೆ. ಆಮೇಲೆ, ವಾರ್ಷಿಕ ಪರೀಕ್ಷೆ ಮುಗಿದ ಮಾರನೆಯ ದಿನ ಪಠ್ಯಪುಸ್ತಕವನ್ನು ಅಟ್ಟಕ್ಕೆ ಎಸೆಯುವ ಹುಡುಗನ ಹಾಗೆ, ಯಾರನ್ನೂ ಕೇಳದೆ ಒಂದೇ ದಿನ ನಿಲ್ಲಿಸಿಬಿಟ್ಟೆ. ತಪ್ಪು ನನ್ನದೇ. ಮೂರನೆಯ ದಿನದಿಂದ ತಲೆ ಸುತ್ತತೊಡಗಿತು. ಕಣ್ಣು ಹೊರಳಿಸಿದರೆ ತಲೆಯೊಳಗೆ ಮಿಂಚು ಹೊಡೆದಂತೆ ಚಳಕು. ರಾತ್ರಿ ಭಯಂಕರವಾದ ಕನಸುಗಳು, ಹಗಲು ಕಾರಣವಿಲ್ಲದೆ ಅಳು. ಹಳೆಯ ಕಾಯಿಲೆ ಹತ್ತು ಪಾಲಾಗಿ ಮರಳಿತೆಂದು ನಾನು ನಿಶ್ಚಯಿಸಿದೆ.

ಆಗ ಬೇಸಗೆಯ ರಜೆ. ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದಲ್ಲಿ ನನ್ನ ಅಣ್ಣನಿಗೆ ತುಸು ಬಾಳೆಯ ತೋಟವುಂಟು. ಕಮಲಾಪುರದ ಕೆಂಪು ಬಾಳೆಯ ಹೆಸರನ್ನು ತಾವು ಕೇಳಿಯೇ ಇರುತ್ತೀರಿ. ಅಲ್ಲಿಗೆ ಹೋದೆ. ತಲೆಯಲ್ಲಿ ಮಿಂಚು ಹೊಡೆಯುತ್ತದೆಂದು ಅಳುತ್ತ ಹೇಳಿಕೊಂಡಾಗ ಅಣ್ಣ ಗಂಭೀರವಾಗಿ ಕೇಳಿದ: "ತಮ್ಮಾ, ಇಲ್ಲಿ ತಾಸಿಗೊಮ್ಮೆ ಕರೆಂಟ್ ಹೋಗ್ತದಂತ ಊರೆಲ್ಲಾ ಬಾಯಿ ಬಡಕೋತದ. ನಿನ್ನ ತಲ್ಯಾಗ ನೋಡಿದ್ರ ಹಗಲೂ ರಾತ್ರಿ ಬಂದದ. ಬೋರಿಗಿ ಒಂದು ವೈರ್ ಎಳಕೊಳ್ಲೇನು?" ನನಗೆ ಸಿಟ್ಟು ಬರಬೇಕಾಗಿತ್ತು; ನಗು ಬಂದಿತು. ಎಷ್ಟೋ ದಿನಗಳ ಮೇಲೆ ಬಂದ ನಗು ಅದು. ಮಿಂಚು ನಿಲ್ಲಲಿಲ್ಲ. ಆದರೆ ಅದರ ಭಯ ಅರ್ಧಕ್ಕೆ ಇಳಿಯಿತು. ಮಾರನೆಯ ದಿನ ಅಣ್ಣನೇ ನನ್ನನ್ನು ಬಸ್ಸಿಗೆ ಹತ್ತಿಸಿಕೊಂಡು ಕಲಬುರಗಿಗೆ ಕರೆತಂದು ವೈದ್ಯರ ಮುಂದೆ ಕೂರಿಸಿದ.

ವೈದ್ಯರು ಹೇಳಿದ್ದಿಷ್ಟು: ಕಾಯಿಲೆ ಮರಳುವುದು ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಕಳೆದ ಮೇಲೆ, ಮೆಲ್ಲಗೆ. ಮದ್ದು ಬಿಟ್ಟುದರ ಬಾಧೆ ಬರುವುದು ಬಹುಮಟ್ಟಿಗೆ ಕೆಲವೇ ದಿನಗಳಲ್ಲಿ. ಹಿಂದಿನ ಕಾಯಿಲೆಯಲ್ಲಿ ಇರದಿದ್ದ ತಲೆಸುತ್ತು, ಚಳಕು ಮೊದಲಾದುವು ಅದರಲ್ಲಿ ಕಾಣುತ್ತವೆ. ಮಾತ್ರೆಯನ್ನು ಮತ್ತೆ ಕೊಟ್ಟರೆ ಬೇಗ ಅಡಗುತ್ತವೆ. ಎರಡನ್ನೂ ಒಂದೇ ಎಂದು ತಿಳಿದು, ಎಷ್ಟೋ ಮಂದಿ ಬಿಡಬಹುದಾದ ಮಾತ್ರೆಯನ್ನು ಬಿಡಲಾರದೆ ಹೋಗುತ್ತಾರೆ. ಮತ್ತೆ ಕೆಲವರು ಬಿಡಬಾರದ್ದನ್ನು ಬಿಟ್ಟು ಕೆಡುತ್ತಾರೆ. ನನಗೆ ಮಾತ್ರೆಯನ್ನು ಮತ್ತೆ ಹಿಡಿಸಿ, ಆಮೇಲೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುವ ಕ್ರಮವನ್ನು ಗೊತ್ತುಮಾಡಿದರು.

ಪಂಡಿತ ಪರೀಕ್ಷೆಗೆ ಓದಿದವನಿಗೆ ಒಂದು ಚಪಲವಿರುತ್ತದೆ. ಯಾವುದನ್ನು ಕಂಡರೂ ಇದರ ಮೂಲ ಎಲ್ಲಿ ಎಂದು ಹುಡುಕುವುದು. ನಿದ್ದೆಯಿಲ್ಲದ ರಾತ್ರಿಗಳಲ್ಲಿ ನಾನು ಅದನ್ನೇ ಮಾಡಿದೆ. ಮೆಲ್ಲಗೆ ಇಳಿಸಬೇಕೆಂಬ ಮಾತು ಹೊಸದಾಗಿರಬಹುದೆಂದು ತಿಳಿದಿದ್ದ ನನಗೆ ಅದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿಯೇ ದೊರೆಯಿತು. ದೇಹಕ್ಕೆ ಒಗ್ಗಿಹೋದದ್ದು ಅಹಿತವೇ ಆಗಿದ್ದರೂ ಅದನ್ನು ಥಟ್ಟನೆ ಬಿಡಬಾರದು, ಕಾಲುಪಾಲು ಬಿಡುತ್ತ ಬರಬೇಕು, ನಡುವೆ ದಿನಗಳ ಅಂತರವಿರಬೇಕು, ಬಿಟ್ಟ ಪಾಲಿನ ಜಾಗದಲ್ಲಿ ಹಿತವಾದದ್ದನ್ನು ಅಷ್ಟಷ್ಟೇ ತುಂಬಬೇಕು ಎಂಬುದು ಅಲ್ಲಿನ ವಿಧಿ. ಪಾದವೆಂದರೆ ಕಾಲುಭಾಗ, ಆದುದರಿಂದ ಇದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ಅಷ್ಟಾಂಗಹೃದಯವನ್ನು ಬರೆದ ವಾಗ್ಭಟನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಲುಭಾಗವೂ ಹೆಚ್ಚೆನಿಸಿದರೆ ಕಾಲಿನ ಕಾಲು, ಎಂದರೆ ಹದಿನಾರನೆಯ ಒಂದು ಪಾಲನ್ನು ಬಿಡಲು ಹೇಳುತ್ತಾನೆ. ಥಟ್ಟನೆ ಬದಲಾಯಿಸಿದರೆ ಬದಲಾವಣೆಯೇ ರೋಗವಾಗುತ್ತದೆ ಎಂಬುದು ಅವರ ಎಚ್ಚರಿಕೆ. ಅವರು ಹೇಳಿದ್ದು ಅನ್ನಪಾನಗಳನ್ನೂ ಅಭ್ಯಾಸಗಳನ್ನೂ ಕುರಿತು, ಇಂದಿನ ಮಾತ್ರೆಗಳನ್ನು ಕುರಿತಲ್ಲ. ಆದರೂ ಒಗ್ಗಿದ ಶರೀರದ ಸ್ವಭಾವವನ್ನು ಅವರು ಚೆನ್ನಾಗಿ ಕಂಡಿದ್ದರು.

ನಮ್ಮ ಸೀಮೆಗೂ ವೈದ್ಯವಿದ್ಯೆಗೂ ಹಳೆಯ ಸಂಬಂಧವುಂಟು. ಕಲಬುರಗಿಗೆ ಸಮೀಪದ, ಕಾಗಿಣಾ ತೀರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ಆಸ್ಥಾನದಲ್ಲಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯಾಚಾರ್ಯನು ಮಾಂಸಾಹಾರವನ್ನು ಬಿಡುವ ಬಗೆಗೆ ಉಪನ್ಯಾಸ ಮಾಡಿದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಬಿಡುವುದರ ವಿಚಾರವಾಗಿ ನಮ್ಮ ನೆಲದಲ್ಲಿ ರಾಜಸಭೆಯೇ ಕುಳಿತು ಕೇಳಿತ್ತು ಎಂದಾಯಿತು.

ಇನ್ನು ಇಂದಿನ ಮಾತ್ರೆಗಳ ಕಥೆಗೆ ಬರೋಣ. 1857ರಲ್ಲಿ ಇಂಗ್ಲೆಂಡಿನ ಲೋಕಾಕ್ ಎಂಬ ವೈದ್ಯನು ಮೂರ್ಛೆರೋಗಕ್ಕೆ ಬ್ರೋಮೈಡ್ ಉಪ್ಪು ಉಪಯೋಗವಾಗುತ್ತದೆಂದು ಹೇಳಿದ. ಆಮೇಲೆ ಅದನ್ನೇ ಮನಸ್ಸಿನ ತಳಮಳಕ್ಕೂ ಕೊಟ್ಟರು. 1903ರಲ್ಲಿ ಜರ್ಮನಿಯಲ್ಲಿ ಫಿಷರ್ ಮತ್ತು ಫಾನ್ ಮೇರಿಂಗ್ ಎಂಬವರು ವೆರೊನಾಲ್ ಎಂಬ ನಿದ್ರೆಯ ಮದ್ದನ್ನು ಹೊರತಂದರು. ನಮ್ಮ ದೇಶದ ಪಾಲೂ ಇದರಲ್ಲಿ ಸಣ್ಣದಲ್ಲ. ಸರ್ಪಗಂಧಿಯ ಬೇರನ್ನು ನಮ್ಮ ನಾಟಿ ವೈದ್ಯರು ಬಹುಕಾಲದಿಂದ ಬಳಸುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಮದ್ದೆಂದು ಬರೆದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಆ ಬೇರಿನ ಸತ್ತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ತಮ್ಮ ಪೋಷಕರಾದ ಹಕೀಮ್ ಅಜ್ಮಲ್ ಖಾನರ ಹೆಸರಿಟ್ಟರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದಲೇ ರೆಸರ್ಪಿನ್ ಬಂದಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ದಲೇ ಮತ್ತು ದನಿಕೆ ಎಂಬ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಮದ್ದನ್ನು ಕೊಟ್ಟು, ಸರಪಳಿಯಲ್ಲಿರಬೇಕೆಂದು ಲೋಕ ನಂಬಿದ್ದವರು ಎದ್ದು ಮಾತಾಡುವುದನ್ನು ಕಂಡರು. 1957ರಲ್ಲಿ ಕೂನ್ ಎಂಬವನು ಖಿನ್ನತೆಗೆ ಇಮಿಪ್ರಮಿನ್ ಮದ್ದೆಂದು ಪ್ರಕಟಿಸಿದ. 1960ರಲ್ಲಿ ಲಿಬ್ರಿಯಂ, 1963ರಲ್ಲಿ ವ್ಯಾಲಿಯಂ ಅಂಗಡಿಗೆ ಬಂದುವು. ಈ ಮದ್ದುಗಳಿಂದ ಕೋಟ್ಯಂತರ ಸಂಸಾರಗಳಿಗೆ ಉಪಕಾರವಾಗಿದೆ. ಅದನ್ನು ಮರೆತು ಮಾತಾಡುವುದು ಕೃತಘ್ನತೆ.

ಆದರೆ ಮದ್ದು ಬಂದ ಹಿಂದೆಯೇ ಅದನ್ನು ಬಿಡುವ ಕಷ್ಟವೂ ಬಂದಿತು. 1950ರಲ್ಲಿ ಅಮೆರಿಕೆಯ ಲೆಕ್ಸಿಂಗ್‌ಟನ್ನಿನಲ್ಲಿ ಇಸ್ಬೆಲ್ ಮತ್ತು ಅವನ ಸಂಗಡಿಗರು, ವೆರೊನಾಲ್ ಜಾತಿಯ ನಿದ್ರೆಯ ಮದ್ದನ್ನು ಹೆಚ್ಚು ಪ್ರಮಾಣದಲ್ಲಿ ಬಹುಕಾಲ ಕೊಟ್ಟು ಥಟ್ಟನೆ ನಿಲ್ಲಿಸಿದರೆ ಸೆಳವು ಬರುತ್ತದೆಂದು ತೋರಿಸಿದರು. 1959ರ ಹೊತ್ತಿಗೆ, ಇಮಿಪ್ರಮಿನ್ ನಿಲ್ಲಿಸಿದವರಿಗೆ ವಾಕರಿಕೆ, ತಲೆಸುತ್ತು, ತಳಮಳ ಬರುವುದನ್ನು ವೈದ್ಯರು ಬರೆದಿಟ್ಟರು. 1961ರಲ್ಲಿ ಹೊಲಿಸ್ಟರ್ ಎಂಬವನು ಲಿಬ್ರಿಯಂ ಅನ್ನು ಭಾರಿ ಪ್ರಮಾಣದಲ್ಲಿ ತಿಂಗಳುಗಟ್ಟಲೆ ತೆಗೆದುಕೊಂಡಿದ್ದ 11 ಮಂದಿಗೆ, ಅವರಿಗೆ ತಿಳಿಯದಂತೆ ಹುಸಿಮಾತ್ರೆ ಕೊಟ್ಟು ನೋಡಿದ. 10 ಮಂದಿಗೆ ಹೊಸ ಬಾಧೆಗಳು ಕಾಣಿಸಿದುವು. ಹೀಗೆ ಮದ್ದು ಅಂಗಡಿಗೆ ಬಂದ ಮರುವರ್ಷವೇ ವಿಷಯ ಗೊತ್ತಾಗಿತ್ತು. ಗೊತ್ತಾದದ್ದು ಜನರ ಮನೆಯವರೆಗೆ ಬರಲು ಮಾತ್ರ ಬಹುಕಾಲ ಹಿಡಿಯಿತು. ಇಂಗ್ಲೆಂಡಿನ ನ್ಯೂಕಾಸಲ್ಲಿನಲ್ಲಿ ಹೆದರ್ ಆಶ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ ಇಂಥ ಮಾತ್ರೆಗಳನ್ನು ಬಿಡಿಸುವುದಕ್ಕಾಗಿಯೇ ಒಂದು ಚಿಕಿತ್ಸಾಲಯವನ್ನು ನಡೆಸಿ, ತಾನು ಕಂಡುದನ್ನು 1999ರಲ್ಲಿ ಕೈಪಿಡಿಯಾಗಿ ಬರೆದಳು. ಆಕೆಯ ಉಪದೇಶದ ಸಾರವೆಂದರೆ ಮೆಲ್ಲಗೆ, ಇನ್ನೂ ಮೆಲ್ಲಗೆ, ರೋಗಿಯ ಅಳತೆಗೆ ತಕ್ಕಂತೆ ಇಳಿಸುವುದು. 2019ರಲ್ಲಿ ಹೊರೊವಿಟ್ಸ್ ಮತ್ತು ಟೇಲರ್ ಎಂಬ ವೈದ್ಯರು, ಖಿನ್ನತೆಯ ಮಾತ್ರೆಗಳನ್ನು ಇಳಿಸುವಾಗ ಕೊನೆಕೊನೆಯ ಹೆಜ್ಜೆಗಳು ಬಹು ಸಣ್ಣವಾಗಿರಬೇಕೆಂದು ಲೆಕ್ಕಹಾಕಿ ತೋರಿಸಿದರು. ಇದನ್ನೋದಿದಾಗ ನನಗೆ ವಾಗ್ಭಟನ ಕಾಲಿನ ಕಾಲು ನೆನಪಾಗದಿರಲಿಲ್ಲ.

ಇದೇಕೆ ಹೀಗೆ? ಅಡಿಗೆಮನೆಯಲ್ಲಿಯೇ ಉತ್ತರವಿದೆ. ಉಪ್ಪೇ ಇಲ್ಲದ ಬೇಳೆಸಾರಿಗೆ ಮೊದಲ ಚಿಟಿಕೆ ಉಪ್ಪು ಬಿದ್ದಾಗ ಆಗುವ ವ್ಯತ್ಯಾಸ ನಾಲ್ಕನೆಯ ಚಿಟಿಕೆಗೆ ಆಗುವುದಿಲ್ಲ. ಹಿಂದಕ್ಕೆ ತೆಗೆಯುತ್ತ ಬರುವುದು ಸಾಧ್ಯವಿದ್ದಿದ್ದರೆ ನಾಲ್ಕನೆಯದು, ಮೂರನೆಯದು ಹೋದದ್ದು ನಾಲಿಗೆಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ; ಕೊನೆಯ ಚಿಟಿಕೆ ಹೋದಾಗ ಸಾರೆಲ್ಲ ಸಪ್ಪೆ. ಮಾತ್ರೆಯ ಕೊನೆಯ ತುಣುಕೂ ಹಾಗೆಯೇ. ಅದು ನೋಡಲು ಸಣ್ಣದು, ಮಿದುಳಿಗೆ ಸಣ್ಣದಲ್ಲ. ಇನ್ನೊಂದು ಹೋಲಿಕೆ ಹೇಳುವುದಾದರೆ, ಹೆಗಲ ಮೇಲಿನ ಅಡ್ಡೆಗೆ ಎರಡು ಕಡೆಯೂ ಕೊಡ ಕಟ್ಟಿ ಬಹುದೂರ ನಡೆದವನ ಮೈ ಆ ಭಾರಕ್ಕೆ ತಕ್ಕಂತೆ ನಿಂತಿರುತ್ತದೆ. ಒಂದು ಕಡೆಯ ಕೊಡವನ್ನು ಒಮ್ಮೆಗೇ ಬಿಚ್ಚಿದರೆ ಇನ್ನೊಂದು ಕೊಡ ಒಡೆಯುತ್ತದೆ, ಮನುಷ್ಯನೂ ಮುಗ್ಗರಿಸುತ್ತಾನೆ. ನೀರನ್ನು ಬೊಗಸೆಬೊಗಸೆಯಾಗಿ ಇಳಿಸಿದರೆ ಮೈ ತನ್ನ ಸಮತೂಕವನ್ನು ತಾನೇ ಮರಳಿ ಕಲಿಯುತ್ತದೆ.

ಇಳಿಸುವ ಆ ತಿಂಗಳುಗಳನ್ನು ಕಳೆಯುವುದು ಹೇಗೆ ಎಂಬಲ್ಲಿ ನಗೆಯ ಮಾತು ಬರುತ್ತದೆ. ಬಿಟ್ಟ ಪಾಲಿನ ಜಾಗದಲ್ಲಿ ಹಿತವಾದದ್ದನ್ನು ತುಂಬಬೇಕೆಂದು ಚರಕನು ಹೇಳಿದನಷ್ಟೆ. ನನಗೆ ಹಿತವಾದದ್ದು ನಗೆ.

ಕನ್ನಡಿಗರು ಈ ಸಂದರ್ಭದಲ್ಲಿ ಕೃತಜ್ಞತೆಯಿಂದ ನೆನೆಯಬೇಕಾದ ಹೆಸರೊಂದುಂಟು. ಅದು ಡಾಕ್ಟರ್ ಎಂ. ಶಿವರಾಂ, ನಮ್ಮೆಲ್ಲರ ರಾಶಿ. ಬೆಂಗಳೂರಿನಲ್ಲಿ ವೈದ್ಯವೃತ್ತಿ ಮಾಡುತ್ತಿದ್ದ ಇವರು 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯಪತ್ರಿಕೆಯನ್ನು ಹೊರಡಿಸಿ 1967ರವರೆಗೆ, ಕಾಲು ಶತಮಾನ, ಅದನ್ನು ನಡೆಸಿದರು. ನಾ. ಕಸ್ತೂರಿಯವರಂಥ ವಿನೋದಿಗಳು ಅದರಲ್ಲಿ ಬರೆದರು. ಮುಂದೆ ಭಾರತಖ್ಯಾತರಾದ ಆರ್. ಕೆ. ಲಕ್ಷ್ಮಣರು ತರುಣರಾಗಿದ್ದಾಗ ಅದಕ್ಕೆ ಚಿತ್ರ ಬರೆದರು. ಅದೇ ರಾಶಿಯವರು ಮನೋವ್ಯಾಧಿಗಳನ್ನು ಕುರಿತು ಕನ್ನಡದಲ್ಲಿ 'ಮನಮಂಥನ'ವೆಂಬ ಗ್ರಂಥವನ್ನು ಬರೆದರು. ಅದಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಒಂದು ಕೈಯಲ್ಲಿ ಮದ್ದಿನ ಚೀಟಿ, ಇನ್ನೊಂದು ಕೈಯಲ್ಲಿ ವಿನೋದದ ಲೇಖನಿ. ಎರಡೂ ಒಂದೇ ಮನುಷ್ಯನಲ್ಲಿ ಹೊಂದಿಕೊಂಡು ಇದ್ದುದು ಆಕಸ್ಮಿಕವೆಂದು ನಾನು ತಿಳಿಯೆ. ಮನಸ್ಸಿನ ಗಂಟನ್ನು ಕಂಡವನಿಗೆ ಅದನ್ನು ಸಡಿಲಿಸುವ ಬೆರಳುಗಳೂ ಬೇಕಾಗುತ್ತವೆ.

ನಮ್ಮ ಈ ಕಡೆಯ ಸೀಮೆಯೂ ನಗೆಗೆ ಬಡವಲ್ಲ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರು ತಮ್ಮ ಕಷ್ಟದ ಬಾಳನ್ನು ಬರೆದು ಅದಕ್ಕೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟರು. ಹೆಸರಿನಲ್ಲಿಯೇ ಭಯವನ್ನು ನಗೆಯಾಗಿಸಿದರು. ಕಲಬುರಗಿಯಲ್ಲಿ ನೀರು ಸರಬರಾಜಿನ ಇಲಾಖೆಯ ನೌಕರಿ ಮಾಡುತ್ತ ದಕ್ಖನಿ ಭಾಷೆಯಲ್ಲಿ ಕವಿತೆ ಕಟ್ಟಿದ ಸುಲೇಮಾನ್ ಖತೀಬರ 'ಕೇವ್ಡೆ ಕಾ ಬನ್' ಎಂಬ ಸಂಕಲನವನ್ನು ಬಲ್ಲವರು ಇನ್ನೂ ಇದ್ದಾರೆ. ಅವರ ಕವಿತೆ ಕೇಳುವವರು ಮೊದಲು ನಕ್ಕು, ನಗುನಗುತ್ತಲೇ ಕಣ್ಣೊರಸಿಕೊಳ್ಳುತ್ತಿದ್ದರು. ಅತ್ತೆಸೊಸೆಯರ ಜಗಳದ ಹಿಂದೆ ಬಡತನ ನಿಂತಿರುವುದನ್ನು ಅವರು ನಗೆಯ ಬೆಳಕಿನಲ್ಲಿಯೇ ತೋರಿಸಿದರು.

ಶಾಸ್ತ್ರಕಾರರೂ ಇದನ್ನು ಹಗುರವಾಗಿ ಕಾಣಲಿಲ್ಲ. ಭರತನು ನಾಟ್ಯಶಾಸ್ತ್ರದಲ್ಲಿ ಹಾಸ್ಯಕ್ಕೆ ಬಿಳಿಯ ಬಣ್ಣವನ್ನೂ ಶಿವನ ಪ್ರಮಥಗಣಗಳನ್ನು ಅಧಿದೇವತೆಯನ್ನಾಗಿಯೂ ಹೇಳಿ, ನಗೆಯನ್ನು ಆರು ಬಗೆಯಾಗಿ ವಿಂಗಡಿಸುತ್ತಾನೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಹಲ್ಲು ಕಾಣದ ಮುಗುಳ್ನಗೆಯಿಂದ ಹಿಡಿದು ಪಕ್ಕೆ ಹಿಡಿದುಕೊಂಡು ಕಣ್ಣೀರು ಸುರಿಸುವ ನಗೆಯವರೆಗೆ ಇದು ಒಂದು ಮೆಟ್ಟಿಲಸಾಲು. ಮೊದಲೆರಡು ಉತ್ತಮರವು, ಕೊನೆಯೆರಡು ನೀಚರವು ಎಂದು ಅವನ ಮತ. ಇಲ್ಲಿ ಮಾತ್ರ ಭರತಮುನಿಯ ಮಾತನ್ನು ಒಪ್ಪಲು ನನ್ನ ಅನುಭವ ಅಡ್ಡ ಬರುತ್ತದೆ. ಕಮಲಾಪುರದ ಪಡಸಾಲೆಯಲ್ಲಿ ನನಗೆ ಹೆಚ್ಚು ಉಪಕಾರ ಮಾಡಿದ್ದು ಅತಿಹಸಿತವೇ.

ಆ ಸಂಗತಿಯನ್ನು ಹೇಳಿಬಿಡುತ್ತೇನೆ. ವೈದ್ಯರ ಅಪ್ಪಣೆಯಂತೆ ಮಾತ್ರೆಯನ್ನು ನಾಲ್ಕು ಪಾಲು ಮಾಡಬೇಕಾಗಿತ್ತು. ಬ್ಲೇಡು ಹಿಡಿದು ಕತ್ತರಿಸುವಾಗ ಕೈ ನಡುಗಿ ಒಂದು ಚೂರು ಹಾರಿಹೋಯಿತು. ಕಂದೀಲು ಹಿಡಿದು ಅಣ್ಣ, ಅತ್ತಿಗೆ, ನಾನು ಮೂವರೂ ನೆಲದ ಮೇಲೆ ತೆವಳುತ್ತ ಹುಡುಕಿದೆವು. ಕೊನೆಗೆ ನೋಡಿದರೆ ಇರುವೆಗಳ ಸಾಲೊಂದು ಅದನ್ನು ಹೊತ್ತು ಗೋಡೆಯ ಬಿರುಕಿನತ್ತ ಸಾಗುತ್ತಿದೆ. ಅತ್ತಿಗೆ ಎಂದೂ ಜೋರಾಗಿ ಮಾತಾಡಿದವಳಲ್ಲ. ಅವಳು ಮೆಲ್ಲಗೆ, "ಹೋಗ್ಲಿ ಬಿಡ್ರಿ ಮಾಸ್ತರ, ಇವತ್ತು ರಾತ್ರಿ ಅವರ ಮನ್ಯಾಗರ ಎಲ್ಲಾರೂ ಸಮಾಧಾನದಿಂದ ಮಲಗ್ಲಿ" ಎಂದಳು. ಅಣ್ಣ ನೆಲದ ಮೇಲೆಯೇ ಉರುಳಿದ. ನಾನು ನಕ್ಕ ನಗೆಗೆ ಹಿತ್ತಲಿನ ನಾಯಿ ಬೊಗಳಿತು. ಅಂದು ರಾತ್ರಿ ನನಗೆ ನಾಲ್ಕು ತಾಸು ನಿದ್ದೆ ಬಂದಿತು.

ನಾಲ್ಕು ತಾಸಿನ ಆ ನಿದ್ದೆಗೆ ನಗೆಯೇ ಕಾರಣವೆಂದು ನಾನು ಸಾಧಿಸಲಾರೆ. ಹೀಗೆ ಸಾಧಿಸಲು ಹೊರಟವರೂ ಉಂಟು. ಅಮೆರಿಕೆಯ ಪತ್ರಿಕಾ ಸಂಪಾದಕ ನಾರ್ಮನ್ ಕಸಿನ್ಸ್ 1964ರಲ್ಲಿ ಕೀಲುಬೇನೆಯಿಂದ ಹಾಸಿಗೆ ಹಿಡಿದಾಗ ಹಾಸ್ಯಚಿತ್ರಗಳನ್ನು ನೋಡಿ ನಕ್ಕನಂತೆ. ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ತಾಸು ನೋವಿಲ್ಲದ ನಿದ್ದೆ ಬರುತ್ತಿತ್ತೆಂದು 1976ರಲ್ಲಿ ವೈದ್ಯರ ಪತ್ರಿಕೆಯೊಂದರಲ್ಲಿಯೇ ಬರೆದ. ಒಬ್ಬನ ಅನುಭವ ಎಲ್ಲರಿಗೂ ಪ್ರಮಾಣವಾಗದು. ಆದರೂ ಬಳಿಕ ವಿದ್ವಾಂಸರು ಪರೀಕ್ಷೆಗೆ ಕೈಹಾಕಿದರು. ಜೊತೆಗೂಡಿ ನಕ್ಕ ಮೇಲೆ ನೋವನ್ನು ತಾಳುವ ಶಕ್ತಿ ಸ್ವಲ್ಪ ಹೆಚ್ಚುತ್ತದೆಂದು ಇಂಗ್ಲೆಂಡಿನ ಡನ್‌ಬಾರ್ ಮತ್ತು ಸಂಗಡಿಗರು ತೋರಿಸಿದರು. 2017ರಲ್ಲಿ ಫಿನ್ಲೆಂಡಿನ ವಿದ್ವಾಂಸರು, ಸ್ನೇಹಿತರೊಡನೆ ನಕ್ಕಾಗ ಮಿದುಳು ತನ್ನದೇ ಆದ ನೋವುನಿವಾರಕ ದ್ರವ್ಯಗಳನ್ನು ಬಿಡುತ್ತದೆಂದು ಕಂಡರು. ಮದ್ದು ಬಿಡುವ ಬಾಧೆಗೆ ನಗೆಯೇ ಚಿಕಿತ್ಸೆಯೆಂದು ಇವರಾರೂ ಹೇಳಿಲ್ಲ. ಹೇಳಿದ್ದು ಜೊತೆಗೂಡಿ ನಗುವ ಮಾತು. ಒಂಟಿತನದಲ್ಲಿ ಬಾಧೆ ದೊಡ್ಡದಾಗುತ್ತದೆ. ನಗೆ ಒಂಟಿತನವನ್ನು ಮುರಿಯುತ್ತದೆ. ನನಗೆ ಕಂಡ ಮಟ್ಟಿಗೆ ಅದರ ಕೆಲಸ ಅಷ್ಟೇ, ಆದರೆ ಅದು ಸಣ್ಣ ಕೆಲಸವಲ್ಲ.

ಇನ್ನು ನಗೆಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ಚರಿತ್ರೆಗೆ ದ್ರೋಹವಾದೀತು. ಲಂಡನ್ನಿನ ಬೆಥ್ಲೆಂ ಆಸ್ಪತ್ರೆಯಲ್ಲಿದ್ದ ಮನೋರೋಗಿಗಳನ್ನು ನೋಡಿ ನಗುವುದಕ್ಕೆಂದೇ ಜನ ಕಾಸು ಕೊಟ್ಟು ಹೋಗುತ್ತಿದ್ದರು. ಆ ಮುಕ್ತ ಪ್ರವೇಶಕ್ಕೆ ತಡೆ ಬಿದ್ದುದು 1770ರಲ್ಲಿ. ಅಷ್ಟು ದೂರ ಹೋಗುವುದೇಕೆ? ನಮ್ಮ ನಾಟಕಗಳಲ್ಲಿ, ಸಿನಿಮಾಗಳಲ್ಲಿ, ಕಟ್ಟೆಯ ಹರಟೆಗಳಲ್ಲಿ 'ಹುಚ್ಚ'ನೆಂಬ ಪಾತ್ರ ಬಂದರೆ ಸಾಕು, ನಗೆಗೆ ಬೇರೆ ಕಾರಣವೇ ಬೇಡ. ಮುಂಬಯಿಯಲ್ಲಿ 1995ರ ಮಾರ್ಚ್ 13ರಂದು ವೈದ್ಯ ಮದನ್ ಕಟಾರಿಯಾ ಐವರು ಜನರೊಡನೆ ನಗೆಕೂಟವನ್ನು ಆರಂಭಿಸಿದಾಗ ಮೊದಲು ನಗೆಹನಿಗಳನ್ನು ಹೇಳಿ ನಗುತ್ತಿದ್ದರು. ಕೆಲವು ದಿನಗಳಲ್ಲಿ ಒಳ್ಳೆಯ ಹನಿಗಳು ಮುಗಿದು, ಉಳಿದುವು ಒಬ್ಬರಿಗಲ್ಲ ಒಬ್ಬರಿಗೆ ನೋವಾಗುವಂಥವು. ಆಗ ಅವರು ಹನಿಗಳನ್ನು ಬಿಟ್ಟು ಸುಮ್ಮನೆ ನಗುವುದನ್ನೇ ಅಭ್ಯಾಸ ಮಾಡಿದರು. ಈ ಚಿಕ್ಕ ಘಟನೆಯಲ್ಲಿ ದೊಡ್ಡ ಪಾಠವಿದೆ. ಭರತನು ತಾನು ನಗುವುದು ಬೇರೆ, ಇತರರನ್ನು ನಗಿಸುವುದು ಬೇರೆ ಎಂದು ಭೇದ ಮಾಡಿದನು. ಇತರರನ್ನು ನೋಡಿ ನಗುವುದು ಮೂರನೆಯದು. ಬಾಧೆಪಡುವವನೇ ತನ್ನ ಬಾಧೆಯನ್ನು ನೋಡಿ ನಕ್ಕರೆ, ಅಥವಾ ಅವನು ಬಲ್ಲ ಪ್ರೀತಿಯವರು ಅವನೊಡನೆ ಕೂಡಿ ನಕ್ಕರೆ, ಅದು ಬುತ್ತಿ. ಬೀದಿಯವರು ಅವನನ್ನು ನೋಡಿ ನಕ್ಕರೆ ಅದು ಕಲ್ಲು. ಮಾತ್ರೆಯ ಪಟ್ಟಿ ಪಂಚಾಂಗದ ಹಿಂದೆ ಅವಿತುಕೊಳ್ಳುವುದು ಆ ಕಲ್ಲಿನ ಭಯದಿಂದಲೇ. ನಾನು ವೈದ್ಯರನ್ನು ಕೇಳದೆ ಮಾತ್ರೆ ಬಿಟ್ಟುದಕ್ಕೂ ನಿಜವಾದ ಕಾರಣ ಅದೇ: ಮಾಸ್ತರರು 'ಆ ಮಾತ್ರೆ' ತೆಗೆದುಕೊಳ್ಳುತ್ತಾರೆಂದು ಶಾಲೆಯಲ್ಲಿ ತಿಳಿದೀತೆಂಬ ಅಂಜಿಕೆ.

ನಮ್ಮ ನಾಡು ಈ ವಿಷಯದಲ್ಲಿ ಹಿಂದುಳಿದುದೇನೂ ಅಲ್ಲ. ಧಾರವಾಡದ ಮನೋರೋಗಗಳ ಆಸ್ಪತ್ರೆ 1845ರಷ್ಟು ಹಳೆಯದು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಏರ್ಪಟ್ಟು, 1974ರ ಡಿಸೆಂಬರಿನಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯವರು 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋರೋಗದ ಚಿಕಿತ್ಸೆಯನ್ನು ಕಲಿಸಿ, ಮದ್ದನ್ನು ಹಳ್ಳಿಯ ಬಾಗಿಲಿಗೆ ತಂದರು. 1996ರಲ್ಲಿ ಭಾರತ ಸರಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದ್ದು ಈ ಬಳ್ಳಾರಿಯ ಮಾದರಿಯಿಂದಲೇ. ಮದ್ದು ಊರಿಗೆ ಬಂದಿತು, ಬಹಳ ಒಳ್ಳೆಯದಾಯಿತು. ಈಗ ಆಗಬೇಕಾದುದು, ಬೇಡವಾದಾಗ ಅದನ್ನು ಇಳಿಸುವ ವಿದ್ಯೆಯೂ ಅದೇ ಊರಿಗೆ ಬರುವುದು. ಮಾತ್ರೆಯ ಚೀಟಿ ಬರೆಯುವಾಗಲೇ, "ಇದನ್ನು ನೀವಾಗಿ ನಿಲ್ಲಿಸಬೇಡಿ, ನಿಲ್ಲಿಸುವ ದಿನ ಬಂದಾಗ ಹೀಗೆ ಇಳಿಸೋಣ" ಎಂಬ ಎರಡು ಮಾತು ಕಿವಿಗೆ ಬಿದ್ದರೆ ಎಷ್ಟೋ ಸಂಸಾರಗಳ ಸಂಕಟ ತಪ್ಪೀತು.

ಇಲ್ಲಿ ಒಂದು ಮಾತನ್ನು ತಮ್ಮಲ್ಲಿ ಕೈಮುಗಿದು ಹೇಳಬೇಕಾಗಿದೆ. ಈ ಲೇಖನವನ್ನು ಓದಿ ಯಾರೂ ನಾಳೆಯೇ ಮಾತ್ರೆ ಬಿಡಲು ಹೊರಡಬಾರದು. ಕೆಲವು ಕಾಯಿಲೆಗಳಿಗೆ ಮದ್ದನ್ನು ಬಹುಕಾಲ, ಕೆಲವಕ್ಕೆ ಬಾಳಿನುದ್ದಕ್ಕೂ ತೆಗೆದುಕೊಳ್ಳಬೇಕಾಗುತ್ತದೆ. ಅದರಲ್ಲಿ ನಾಚಿಕೆಯೇನೂ ಇಲ್ಲ. ನಿದ್ರೆಯ ಮಾತ್ರೆ, ಮೂರ್ಛೆಯ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಸೆಳವು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಎಲ್ಲ ಮಾತ್ರೆಗಳನ್ನೂ ಕತ್ತರಿಸಿ ನುಂಗುವಂತೆಯೂ ಇಲ್ಲ. ಬಿಡಬಹುದೋ, ಬಿಡುವುದಾದರೆ ಹೇಗೆ ಎಂಬುದು ವೈದ್ಯರೊಡನೆ ಕುಳಿತು ನಿಶ್ಚಯಿಸತಕ್ಕ ವಿಷಯ. ಬದುಕೇ ಬೇಡವೆನಿಸುವ ಆಲೋಚನೆ ಬಂದರೆ ಆ ಗಳಿಗೆಯಲ್ಲಿಯೇ ಮನೆಯವರಿಗೆ ಹೇಳಬೇಕು, ವೈದ್ಯರಲ್ಲಿಗೆ ಹೋಗ��ೇಕು. 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಎಂಬ ಸರಕಾರಿ ಸೇವೆಯುಂಟು. 14416 ಎಂಬ ಸಂಖ್ಯೆಗೆ ಹಗಲೂ ರಾತ್ರಿಯೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ಕಾಸಿನ ಖರ್ಚಿಲ್ಲ.

ನನ್ನ ಕಥೆ ಏನಾಯಿತೆಂದು ತಾವು ಕೇಳದೆ ಬಿಡಲಾರಿರಿ. ಮೂರು ವಾರದಲ್ಲಿ ಮುಗಿಸಬೇಕೆಂದು ನಾನು ಆತುರಪಟ್ಟಾಗ ಅಣ್ಣ ತೋಟದ ಬದುವಿನ ಮೇಲೆ ಕೂರಿಸಿಕೊಂಡು, "ಈ ಕೆಂಪು ಬಾಳಿ ನೋಡು. ಬ್ಯಾರೆ ಬಾಳಿ ಗೊನಿ ಕಡದು, ಮಾರಿ, ರೊಕ್ಕ ಎಣಸೂತನಕಾ ಇದು ಇನ್ನಾ ವಿಚಾರ ಮಾಡಕೋತ ನಿಂತಿರ್ತದ. ಆದ್ರ ಸಂತ್ಯಾಗ ಯಾರಿಗಿ ಹೆಚ್ಚಿನ ರೇಟು?" ಎಂದು ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹನ್ನೊಂದು ತಿಂಗಳು ಹಿಡಿಯಿತು. ನಡುವೆ ಎರಡು ಸಲ ತಡೆದು ನಿಂತೆ, ಒಮ್ಮೆ ವೈದ್ಯರ ಮಾತಿನಂತೆ ಒಂದು ಹೆಜ್ಜೆ ಹಿಂದಕ್ಕೂ ಹೋದೆ. ಪ್ರತಿ ಶನಿವಾರ ಸಂಜೆ ಕಮಲಾಪುರದ ಬಸ್ಸು, ಪಡಸಾಲೆಯ ನಗೆ.

ತರಗತಿಯಲ್ಲಿ ನಾನು ಸಂಧಿಪ್ರಕರಣವನ್ನು ಪಾಠ ಮಾಡುವಾಗ ಒಂದು ಮಾತು ಹೇಳುವುದುಂಟು. ಸ್ವರದ ಮುಂದೆ ಸ್ವರ ಬಂದರೆ ಮೊದಲಿನದನ್ನು ಲೋಪ ಮಾಡಬಹುದು, ಆದರೆ ಅರ್ಥ ಕೆಡದಿದ್ದರೆ ಮಾತ್ರ. 'ಊರು' ಎಂಬುದರ ಮುಂದೆ 'ಅನ್ನು' ಬಂದರೆ ಉಕಾರ ಹೋಗಿ 'ಊರನ್ನು' ಆಗುತ್ತದೆ, ಯಾರಿಗೂ ನಷ್ಟವಿಲ್ಲ. 'ಮನೆ' ಎಂಬಲ್ಲಿ ಹಾಗೆ ಮಾಡಿದರೆ ಮನೆಯೇ ಇಲ್ಲವಾಗುತ್ತದೆ. ಆದುದರಿಂದ ಅಲ್ಲಿ ಯಕಾರವೊಂದು ನಡುವೆ ಬಂದು ಕೂತು 'ಮನೆಯನ್ನು' ಉಳಿಸಿಕೊಡುತ್ತದೆ. ಕಳೆದ ವರ್ಷ ಈ ಪಾಠವನ್ನು ಮಾಡುತ್ತಿರುವಾಗ ನಾನು ಮಾತ್ರೆಯ ವಿಷಯವನ್ನು ಹುಡುಗರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಇರುವೆಗಳ ಕಥೆಗೆ ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಗಂಟೆ ಬಾರಿಸಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಉಳಿದವರು ಹೋಗುವವರೆಗೆ ಕಾದು ನಿಂತು, ಮೆಲ್ಲಗೆ, "ಸರ್, ನಮ್ಮವ್ವಾನೂ ಆ ಗುಳಿಗಿ ತಗೋತಾಳ್ರಿ" ಎಂದ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿದೆ. ಈಗ ನಮ್ಮ ಮನೆಯಲ್ಲಿ ಪಂಚಾಂಗದ ಹಿಂದೆ ಪಂಚಾಂಗದ ಗೋಡೆ ಮಾತ್ರ ಇದೆ.